ಮೊಣಕೈ ಸವೆಸಿದ ಜಾಗ

ಪ್ಯಾರಮಟ್ಟಾದ ನಮ್ಮ ಮನೆಗೆ ಗ್ಯಾರೇಜ್ ಇತ್ತು, ಆದರೆ ಅದರಲ್ಲಿ ನಮ್ಮ ಕಾರಿಗೆ ಜಾಗವಿರಲಿಲ್ಲ. ನಮ್ಮದು ಬೀದಿಯಲ್ಲಿ, ಜಕರಾಂಡ ಮರದ ಕೆಳಗೆ ಹೂವು ಮೆತ್ತಿಕೊಂಡು ನಿಂತಿರುತ್ತಿತ್ತು. ಒಳಗಿದ್ದದ್ದು ಪಕ್ಕದ ಮನೆಯ ಮುದುಕರು ನಮ್ಮವರಿಗೆ ಕೊಟ್ಟುಹೋಗಿದ್ದ ಅರವತ್ತರ ದಶಕದ ಅಮೆರಿಕನ್ ಗಾಡಿ. ಹಸಿರು ಬಣ್ಣ, ಎರಡೇ ಬಾಗಿಲು, ಮಂಚದಷ್ಟು ಉದ್ದದ ಬಾನೆಟ್ಟು, ಎಡಗಡೆ ಸ್ಟೀರಿಂಗು. ಮಸಲ್ ಕಾರು ಅನ್ನುತ್ತಾರೆ ಇಂಥವಕ್ಕೆ. ಅದನ್ನು ಸ್ಟಾರ್ಟ್ ಮಾಡಿದರೆ ಅಡುಗೆಮನೆಯ ಶೆಲ್ಫಿನಲ್ಲಿ ನನ್ನ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಅನ್ನುತ್ತಿದ್ದವು.

ಮುದುಕರೂ ಅವರ ಹೆಂಡತಿಯೂ ಹರೆಯದಲ್ಲಿ ಅಮೆರಿಕದಲ್ಲಿ ಕೆಲಸ ಮಾಡಿ, ವಾಪಸು ಬರುವಾಗ ಅದನ್ನು ಹಡಗಿನಲ್ಲಿ ತಂದಿದ್ದರು. ಓಡಿಸುತ್ತಿದ್ದದ್ದು ಹೆಚ್ಚಾಗಿ ಆಕೆಯೇ. ಆಕೆ ತೀರಿಕೊಂಡ ಮೇಲೆ ಮುದುಕರು ಮೆಲ್ಬರ್ನಿಗೆ, ಮಗಳ ಮನೆಯ ಹತ್ತಿರ ಹೋಗುವುದೆಂದಾಯಿತು. ಕಾರು ಕೇಳಲು ಬಂದವರೆಲ್ಲ ಒಂದೇ ಮಾತು ಹೇಳಿದರು: ಪೂರ್ತಿ ಬಿಚ್ಚಿ, ಬಣ್ಣ ಕೆರೆದು, ಹೊಚ್ಚ ಹೊಸದು ಮಾಡುತ್ತೇವೆ. ಮುದುಕರು ಯಾರಿಗೂ ಕೊಡಲಿಲ್ಲ. ಶನಿವಾರ ಶನಿವಾರ ತಮ್ಮ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಕೇಳಿಸಿಕೊಳ್ಳುತ್ತಿದ್ದ ನಮ್ಮವರಿಗೆ ಕೊಟ್ಟರು. ಹೊಸದು ಮಾಡಿದ ಗಾಡಿ ಬೇಕಾದಷ್ಟು ಸಿಗುತ್ತದೆ, ಯಾರೂ ಕೈಹಾಕದ ಗಾಡಿ ಸಿಗುವುದಿಲ್ಲ ಎಂಬುದು ಅವರ ಮಾತು. ಬಾನೆಟ್ ಎತ್ತಿ ಟಾರ್ಚ್ ಬಿಟ್ಟು, ಕಾರ್ಖಾನೆಯಲ್ಲಿ ಯಾರೋ ಹಳದಿ ಸೀಮೆಸುಣ್ಣದಲ್ಲಿ ಎಳೆದ ಗೀಟುಗಳನ್ನು ನನಗೂ ತೋರಿಸಿದ್ದರು. ಆಮೇಲೆ ಎಡಗಡೆಯ ಬಾಗಿಲ ಹತ್ತಿರ ಕರೆದರು. ಕಿಟಕಿಯ ಅಂಚಿನಲ್ಲಿ ಅಂಗೈ ಅಗಲದ ಜಾಗದಲ್ಲಿ ಹಸಿರು ಸವೆದು ಕೆಳಗಿನ ಬೂದುಬಣ್ಣ ಕಾಣುತ್ತಿತ್ತು. ಆಕೆ ಮೊಣಕೈ ಊರಿಕೊಂಡು ಓಡಿಸುತ್ತಿದ್ದ ಜಾಗ. ಬೇರೇನು ಕೆಟ್ಟರೂ ರಿಪೇರಿ ಮಾಡಿಸು, ಇದನ್ನು ಮಾತ್ರ ಹೀಗೇ ಬಿಡು ಅಂದರು. ನಮ್ಮವರು ಆಗಲಿ ಅಂದರು.

ಆ ವರ್ಷ ಮಾವ ತುಮಕೂರಿನಿಂದ ಬಂದರು. ಜೀವಮಾನವಿಡೀ ಪ್ರೈವೇಟ್ ಬಸ್ಸಿನ ಡ್ರೈವರ್ ಆಗಿದ್ದವರು. ಬಂದ ಮಾರನೆಯ ದಿನವೇ ಗ್ಯಾರೇಜಿಗೆ ಹೋಗಿ, ಲುಂಗಿ ಎತ್ತಿಕಟ್ಟಿ, ಗಾಡಿಗೊಂದು ಸುತ್ತು ಹಾಕಿದರು.

"ಏನಪ್ಪಾ ಇದು, ಗುಜರಿಯವನು ಮರೆತುಹೋದನಾ?"

"ಅದು ಹಂಗೇ ಇರ್ಬೇಕು ಅಪ್ಪ. ತೊಳೆಯೋಕೆ ಗಿಳೆಯೋಕೆ ಹೋಗ್ಬೇಡಿ."

"ಹಂಗೇ ಇರ್ಬೇಕಂತೆ. ಸೋಮಾರಿಗಳೆಲ್ಲ ಹೇಳೋದೇ ಇದು," ಎಂದು ಮಾವ ನನ್ನ ಕಡೆ ನೋಡಿ ನಕ್ಕರು. "ನೀನಾದ್ರೂ ಹೇಳಮ್ಮ. ಚಿಕ್ಕೋನಿದ್ದಾಗ ಸ್ನಾನ ಮಾಡೋಕೂ ಹಿಂಗೇ ಆಡ್ತಿದ್ದ."

ನಮ್ಮವರೂ ನಕ್ಕರು. ಮೊಣಕೈಯ ಕಥೆ ಹೇಳಲಿಲ್ಲ. ಹೆಂಡತಿ ತೀರಿಕೊಂಡು ಆಗಷ್ಟೇ ವರ್ಷ ತುಂಬಿದ್ದ ಅಪ್ಪನ ಎದುರು ಅದನ್ನು ಎತ್ತುವುದು ಹೇಗೆಂದು ಸುಮ್ಮನಾದರೆಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಮೆಲ್ಬರ್ನಿನಿಂದ ಫೋನ್ ಬಂತು. ಮುದುಕರ ಆರೋಗ್ಯ ಇಳಿಯುತ್ತಿತ್ತು. ಆಗುವುದಾದರೆ ಒಮ್ಮೆ ಕಾರು ತೆಗೆದುಕೊಂಡು ಬಾ, ನೋಡಬೇಕು ಎಂದು ಅವರೇ ಕೇಳಿದರಂತೆ. ನವರಾತ್ರಿ ಮುಗಿದ ಶನಿವಾರ ಹೊರಡುವುದೆಂದು ಗೊತ್ತುಮಾಡಿದೆವು. ನಮ್ಮವರು ಟೈರು, ಬ್ರೇಕು ನೋಡಿಸಿಟ್ಟರು. ಆ ವಾರವಿಡೀ ಊಟದ ತಟ್ಟೆಯ ಮುಂದೆಯೂ ಅದೇ ಮಾತು.

ಆಯುಧಪೂಜೆ ಕೆಲಸದ ದಿನವೇ ಬಿತ್ತು. ನಾವಿಬ್ಬರೂ ಬೆಳಿಗ್ಗೆ ಚಿತ್ರಾನ್ನದ ಡಬ್ಬಿ ಹಿಡಿದು ಆಫೀಸಿಗೆಂದು ಚಾಟ್ಸ್‌ವುಡ್‌ಗೆ ರೈಲು ಹತ್ತಿದೆವು. ಸಂಜೆ ಬಂದು ಪೂಜೆ ಮಾಡೋಣ ಎಂದು ಮಾವನಿಗೆ ಹೇಳಿದ್ದೆ.

ಸಂಜೆ ಬರುವಾಗ ಗ್ಯಾರೇಜಿನ ಬಾಗಿಲು ತೆರೆದಿತ್ತು. ಬೀದಿಯವರೆಗೂ ಬಣ್ಣದ, ತಿನ್ನರಿನ ವಾಸನೆ. ಒಳಗೆ ಗಾಡಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಚಕ್ರಗಳ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಗಂಧ, ಕುಂಕುಮ, ನಮ್ಮ ಹಿತ್ತಲಿನ ಗುಲಾಬಿ. ಮಾವ ಸ್ನಾನ ಮಾಡಿ, ಪಂಚೆ ಉಟ್ಟು, ಸ್ಟೂಲಿನ ಮೇಲೆ ಕೂತಿದ್ದರು. ಉಗುರುಗಳ ಸಂದಿಯಲ್ಲಿ ಹಸಿರು ಬಣ್ಣ.

"ಬಾ, ನೋಡು ಬಾ," ಅಂದರು. "ಎಂಜಿನ್ನೆಲ್ಲ ಸೀಮೆಎಣ್ಣೇಲಿ ಉಜ್ಜಿದೀನಿ, ಒಂದು ಚೂರು ಮಸಿ ಇಲ್ಲ. ಬಾಗಿಲ ಹತ್ರ ಬಣ್ಣ ಎದ್ದಿತ್ತು ನೋಡು, ಅಲ್ಲೂ ಉಪ್ಪುಕಾಗದ ಹಾಕಿ ಹೊಡೆದಿದೀನಿ. ಮೇನ್ ರೋಡಿನ ಅಂಗಡೀಲಿ ಬಣ್ಣದ ಡಬ್ಬಿ ತೋರಿಸಿ ತೋರಿಸಿ ಹೊಂದಿಸ್ಕೊಂಡು ಬಂದೆ. ಭಾಷೆ ಬರದಿದ್ರೆ ಏನಂತೆ. ಹಬ್ಬದ ದಿನ ಗಾಡಿ ಆ ಗತೀಲಿ ನಿಲ್ಲಿಸ್ತಾರೇನೋ? ಎಲ್ಲಿತ್ತು ಅಂತ ಕಂಡುಹಿಡಿ ನೋಡೋಣ."

ನಮ್ಮವರು ಕಂಡುಹಿಡಿಯಲು ಹೋಗಲಿಲ್ಲ. ಶೂ ಬಿಚ್ಚಿ, ಕೈಕಾಲು ತೊಳೆದು ಬಂದು ಮಂಗಳಾರತಿ ಎತ್ತಿದರು. ಸೀಟಿಗೆ ಹತ್ತಿ ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸಿದರು. ಶೆಲ್ಫಿನಲ್ಲಿ ಲೋಟಗಳು ಸದ್ದು ಮಾಡಿದವು. ಮಾವ ಒಳಗೆ ಕೋಸಂಬರಿ ತಿನ್ನುತ್ತಿರುವಾಗ ಇವರು ಟಾರ್ಚ್ ಹಿಡಿದು ಬಾನೆಟ್ಟಿನೊಳಗೆ ನೋಡಿದರು. ಹಳದಿ ಗೀಟು ಒಂದೂ ಉಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಮಾವ ವಾಕಿಂಗ್ ಹೋದಾಗ ನೋಡಿದರೆ, ಇವರು ಬಟ್ಟೆಗೆ ತಿನ್ನರ್ ಹಚ್ಚಿಕೊಂಡು ಆ ಬಾಗಿಲ ಎದುರು ನಿಂತಿದ್ದರು.

"ಮೇಲಿನ ಬಣ್ಣ ತೆಗೆದ್ರೆ ಕೆಳಗಿನದು ಸಿಗಲ್ವಾ?" ಅಂದೆ.

"ಅಪ್ಪ ಉಪ್ಪುಕಾಗದ ಹಾಕಿದಾರೆ ಕಣೆ. ಅದು ಹೋಯ್ತು. ಈಗ ತೆಗೆದ್ರೆ ನಾನು ಸವೆಸಿದ್ದಾಗುತ್ತೆ."

"ಫೋನ್ ಮಾಡಿ ಹೇಳಿಬಿಡಿ ಮತ್ತೆ."

"ಫೋನಲ್ಲಿ ಏನಂತ ಹೇಳ್ಲಿ?"

ಬಟ್ಟೆಯನ್ನು ಮಡಿಸಿ, ಮತ್ತೆ ಮಡಿಸಿ, ಡಬ್ಬಿಯ ಮೇಲಿಟ್ಟು ಆಫೀಸಿಗೆ ಹೊರಟರು.

ಶನಿವಾರ ಮೂವರೂ ಹೊರಟೆವು. ಮೊಸರನ್ನ, ಚಪಾತಿ, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡಿದ್ದೆ. ಹಿಂದಿನ ಸೀಟಿನಲ್ಲಿ ಮಾವ ಕಾಲು ಮಡಚಿ ಕೂತು ದಾರಿಯುದ್ದಕ್ಕೂ ಖುಷಿಯಾಗಿದ್ದರು. ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ಗಾಡಿ ನೋಡಲು ನಿಂತರೆ ಕಿಟಕಿಯಿಂದ ಕೈಬೀಸುತ್ತಿದ್ದರು. ನಮ್ಮವರು ಬಲಗೈಯೊಂದರಲ್ಲೇ ಸ್ಟೀರಿಂಗ್ ಹಿಡಿದು, ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಕಿಟಕಿಯ ಅಂಚಿಗೆ ಅದನ್ನು ತಾಗಿಸಲೇ ಇಲ್ಲ.

ರಾತ್ರಿ ದಾರಿಯಲ್ಲಿ ತಂಗಿ ಭಾನುವಾರ ಬೆಳಿಗ್ಗೆ ತಲುಪಿದರೆ, ಮುದುಕರು ವಾಕರ್ ಹಿಡಿದು ಮಗಳ ಮನೆಯ ಮುಂದೆ ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಶರ್ಟು, ಬಾಚಿದ ಕೂದಲು. ಒಂದು ಸುತ್ತು ಕೂತು ಬರುವ ಆಸೆ ಇತ್ತೆಂದು ಮಗಳು ಆಮೇಲೆ ಹೇಳಿದಳು. ಗಾಡಿ ನಿಂತಿತು. ಅವರು ಮುಂಭಾಗ ನೋಡಲಿಲ್ಲ, ಎಂಜಿನ್ ಕೇಳಲಿಲ್ಲ, ನೇರ ಎಡಗಡೆಯ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ವಾಕರ್ ಹಿಡಿದು ಇನ್ನೊಂದು ಅಂಗೈಯನ್ನು ಕಿಟಕಿಯ ಅಂಚಿನ ಮೇಲಿಟ್ಟರು. ಅದು ಜಾರಿತು. ಹಿಂದೆ ತಂದರು, ಮತ್ತೆ ಮುಂದೆ. ಕತ್ತಲೆಯಲ್ಲಿ ಸ್ವಿಚ್ ಹುಡುಕುವವರ ಹಾಗೆ ಕೈ ಅಂಚಿನುದ್ದಕ್ಕೂ ಹೋಗಿ ಬಂತು.

ನಮ್ಮವರು ಏನೋ ಹೇಳಲು ಬಾಯಿ ತೆರೆದರು. ಮುದುಕರು ನಮ್ಮವರ ಹಿಂದೆ ನಗುತ್ತ ನಿಂತಿದ್ದ ಮಾವನನ್ನು ನೋಡಿದರು, ಮಾವನ ಉಗುರುಗಳಲ್ಲಿ ಇನ್ನೂ ಉಳಿದಿದ್ದ ಹಸಿರನ್ನೂ ನೋಡಿದರು. ಗಾಡಿ ತುಂಬಾ ಚೆನ್ನಾಗಿ ಕಾಣುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಕೈ ತೆಗೆದು ಜೇಬಿಗೆ ಹಾಕಿಕೊಂಡರು.

"ಏನಂದ್ರಪ್ಪಾ ಅವರು?" ಮಾವ ಕೇಳಿದರು.

"ತುಂಬಾ ಚೆನ್ನಾಗಿದೆ ಅಂದ್ರು."

ಮಾವ ಎರಡೂ ಕೈ ಮುಗಿದರು. ಮುದುಕರು ತಲೆಬಾಗಿಸಿದರು. ಕಾಲು ಮಡಚಲು ಆಗುವುದಿಲ್ಲ, ಕೂರುವುದು ಬೇಡ ಅಂದರು. ಮಗಳು ಕೊಟ್ಟ ಚಹಾ ಕುಡಿದು ಹೊರಟೆವು. ಬೀಳ್ಕೊಡಲು ಅವರು ಹೊರಗೆ ಬರಲಿಲ್ಲ.

ಅವರು ಆಮೇಲಿನ ಚಳಿಗಾಲ ದಾಟಲಿಲ್ಲ. ಅವರ ಮಗಳ ಫೋನ್ ಬಂದ ದಿನ ನಮ್ಮವರು ಗ್ಯಾರೇಜಿಗೆ ಹೋಗಿ ಬ್ಯಾಟರಿಯ ವಯರು ಬಿಚ್ಚಿ, ಕಾರಿಗೆ ಹೊದಿಕೆ ಎಳೆದು ಬಂದರು. ಯಾರೋ ಕೊಳ್ಳಲು ಕೇಳಿದಾಗ ಬೇಡ ಅಂದರು. ಓಡಿಸಿಕೊಂಡಾದರೂ ಇರಿ ಎಂದು ನಾನೇ ಹೇಳಿದಾಗ ಹೋಗಿ ಟೀವಿ ಹಾಕಿದರು. ಶನಿವಾರಗಳಲ್ಲಿ ಟೀವಿ ಮುಂದೆ ಕೂರುತ್ತಾರೆ. ಶೆಲ್ಫಿನ ಲೋಟಗಳು ಇಟ್ಟಲ್ಲೇ ಇರುತ್ತವೆ.

ಪ್ರತಿ ಆಯುಧಪೂಜೆಗೂ ತುಮಕೂರಿನಿಂದ ಮಾವನ ಫೋನ್ ಬರುತ್ತದೆ.

"ಗಾಡಿ ತೊಳೆದ್ರೇನಮ್ಮ?"

"ತೊಳೆದ್ವಿ ಮಾವ."

"ಆ ಬಾಗಿಲ ಬಣ್ಣ ಹಿಡ್ಕೊಂಡಿದೆಯಾ?"

"ಹಿಡ್ಕೊಂಡಿದೆ ಮಾವ. ಒಂಚೂರೂ ಎದ್ದಿಲ್ಲ."

"ಏಳಲ್ಲ ಅದು," ಅನ್ನುತ್ತಾರೆ ಮಾವ. ಫೋನ್ ಕೊಡಲೆಂದು ತಿರುಗಿದರೆ ನಮ್ಮವರು ಎದ್ದು ಒಳಕ್ಕೆ ಹೋಗಿರುತ್ತಾರೆ.