ಲವೆಲ್‌ನನ್ನು ಊರು ಬಿಡಿಸಿದ ಅಡುಗೆಯಾಕೆ

ಎಲ್ಲರೂ ಡೀಲಿಯಾ ಎಂದು ಕರೆಯುತ್ತಿದ್ದ ಆರ್ಡೀಲಿಯಾ ಟಾಲಿವರ್ ಸೇಂಟ್ ಲೂಯಿಸ್ ನಗರದ ಬಾಸ್ಕೆಟ್‌ಬಾಲ್ ತಂಡಕ್ಕೆ ಇಪ್ಪತ್ತೆರಡು ವರ್ಷ ಅಡುಗೆ ಮಾಡಿ ಬಡಿಸಿದಳು. ಅಷ್ಟರಲ್ಲಿ ಒಂಬತ್ತು ಜನ ಕೋಚ್‌ಗಳು ಬಂದು ಹೋದರು. ಮಾಲೀಕರು ಎರಡು ಸಲ ಬದಲಾದರು. ತಂಡದ ಅಂಗಿ ನೀಲಿಯಿಂದ ಹಸಿರಾಗಿ, ಯಾರಿಗೂ ಹಿಡಿಸದೆ, ಮತ್ತೆ ನೀಲಿಯಾಯಿತು. ಇದ್ದಲ್ಲೇ ಇದ್ದದ್ದು ಕ್ರೀಡಾಂಗಣದ ನೆಲಮಾಳಿಗೆಯಲ್ಲಿದ್ದ ಡೀಲಿಯಾಳ ಅಡುಗೆಮನೆ, ಮತ್ತು ಹದಿನೆಂಟು ವರ್ಷಗಳಿಂದ ಅಲ್ಲಿ ಉಣ್ಣುತ್ತಿದ್ದ ಲವೆಲ್ ಪೆಟಿಫರ್ಡ್.

ಲವೆಲ್ ಬಂದಾಗ ಹತ್ತೊಂಬತ್ತರ ಹುಡುಗ. ಈಗ ಮೂವತ್ತೇಳು. ಬೇರೆ ಕೆಲಸದಲ್ಲಿದ್ದರೆ ಆ ವಯಸ್ಸಿಗೆ ಬಡ್ತಿ ಸಿಗುತ್ತಿತ್ತು. ಬಾಸ್ಕೆಟ್‌ಬಾಲ್‌ನಲ್ಲಿ ಮಂಡಿಗೆ ಐಸ್ ಸಿಗುತ್ತದೆ. ಆದರೂ ಊರಿನ ಅರ್ಧ ಗೋಡೆಗಳ ಮೇಲೆ ಅವನದೇ ಚಿತ್ರ, ಎಲ್ಲದರಲ್ಲೂ ಅವನು ಗಾಳಿಯಲ್ಲೇ ಇರುತ್ತಿದ್ದ. ಅವನು ನೆಲದ ಮೇಲೆ ನಿಂತ ಒಂದು ಚಿತ್ರವನ್ನೂ ಯಾರೂ ಬರೆದಿರಲಿಲ್ಲ.

ಆ ಬೇಸಿಗೆಗೆ ಅವನ ಕರಾರು ಮುಗಿಯುತ್ತಿತ್ತು. ಜೂನ್ ಮೂವತ್ತರ ಸಂಜೆ ಐದಕ್ಕೆ, ಕರಾರು ಮುಗಿದ ಆಟಗಾರರ ಸಂತೆ ತೆರೆಯುತ್ತದೆ. ವರ್ಷವಿಡೀ ಆಟಗಾರರ ಮೇಲೆ ಅಬ್ಬರಿಸುವ ದೊಡ್ಡ ಮನುಷ್ಯರೆಲ್ಲ ಅಂದು ಹೆಣ್ಣು ಕೇಳಲು ಹೊರಟವರ ಹಾಗೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಉಡುಗೊರೆ ಹಿಡಿದು, ಅವರ ಮನೆ ಬಾಗಿಲಿಗೆ ಹೋಗುತ್ತಾರೆ. ಒಂದು ತಂಡದವರು ಹೊರಗೆ ಬರುವಾಗ ಇನ್ನೊಂದು ತಂಡದವರು ಗೇಟಿನ ಬಳಿ ಕಾರಿನಲ್ಲಿ ಕಾಯುತ್ತಿರುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡೇ ಇಲ್ಲ ಎಂಬಂತೆ ನಟಿಸುತ್ತಾರೆ.

ಅದಕ್ಕೆ ಒಂದು ವಾರ ಮೊದಲು ತಂಡದ ಮ್ಯಾನೇಜರ್ ಬ್ರೆಂಟ್ ಹ್ಯಾಸ್ಕೆಲ್ ನೆಲಮಾಳಿಗೆಗೆ ಇಳಿದು ಬಂದ. ಮೂವತ್ತನಾಲ್ಕರ ಯುವಕ, ಕಂಪ್ಯೂಟರ್ ನೋಡಿ ಆಟಗಾರರನ್ನು ಆರಿಸುವವನು. ಅಡುಗೆಮನೆಗೆ ಅದೇ ಮೊದಲ ಸಲ ಬಂದದ್ದರಿಂದ ಎಲ್ಲಿ ನಿಲ್ಲಬೇಕೆಂದು ಅವನಿಗೆ ತಿಳಿಯಲಿಲ್ಲ.

"ಮಿಸ್ ಡೀಲಿಯಾ, ಅಕ್ಟೋಬರ್‌ನಿಂದ ಊಟದ ಕೆಲಸ ಹೊರಗಿನ ಕಂಪನಿಗೆ ಹೋಗುತ್ತೆ. ಮಾಲೀಕರ ತೀರ್ಮಾನ."

"ಹಾಗಾದ್ರೆ ನಾನು?"

"ಅದಕ್ಕೇ ಬಂದೆ. ಲವೆಲ್ ನಮ್ಮಲ್ಲೇ ಉಳಿದ್ರೆ ಈ ಅಡುಗೆಮನೆನೂ ಉಳಿಸ್ತೀನಿ. ಅವನಿಗೆ ನಿಮ್ಮ ಕೈ ಊಟ ಬೇಕು ಅಂತ ಕರಾರಲ್ಲೇ ಬರೆಸ್ತೀನಿ. ಮೂವತ್ತನೇ ತಾರೀಕು ನಮ್ಮ ಜೊತೆ ಅವನ ಮನೆಗೆ ಬನ್ನಿ. ಪೀಚ್ ಹಣ್ಣಿನ ಆ ಬಿಸಿ ಸಿಹಿ, ಕಾಬ್ಲರ್, ಮಾಡ್ಕೊಂಡು ಬನ್ನಿ. ಅದನ್ನ ನೋಡಿದ್ರೆ ಕರಗಿಬಿಡ್ತಾನೆ."

"ಅವನು ಕರಗೋದು ಇರ್ಲಿ, ಅವನ ಸಂಬಳ ಎಷ್ಟು ಕರಗಿಸ್ತೀಯ?"

ಬ್ರೆಂಟ್ ನಕ್ಕ. ತಾನು ಹೆಸರು ಮಾಡಿದ ಊರಿನಲ್ಲೇ ಉಳಿಯುವ ಆಟಗಾರ ಪ್ರೀತಿಗಾಗಿ ಕಡಿಮೆಗೆ ಒಪ್ಪಬೇಕು ಎನ್ನುವುದು ತಂಡದವರು ಮಾಡಿಕೊಂಡ ವಾಡಿಕೆ. ಪ್ರೀತಿಗಾಗಿ ಮಾಲೀಕರು ಟಿಕೆಟಿನ ಬೆಲೆ ಇಳಿಸಿದ್ದು ಮಾತ್ರ ಯಾರಿಗೂ ನೆನಪಿಲ್ಲ.

ಡೀಲಿಯಾಗೆ ಅರವತ್ತೇಳು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಮನೆಯಲ್ಲಿ ಒಬ್ಬಳಿಗಾಗಿ ಒಂದು ಮೊಟ್ಟೆ ಒಡೆಯಲು ಆಕೆಗೆ ಬೇಸರ, ನಲವತ್ತು ಜನಕ್ಕೆ ಬೇಯಿಸುವುದೆಂದರೆ ಹಬ್ಬ. ಆ ಅಡುಗೆಮನೆ ಹೋದರೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ಆಕೆಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಾಗಾಗಿ ಆ ವಾರವೆಲ್ಲ ಮಂಡಿಯೂರಿ ಪ್ರಾರ್ಥಿಸಿದಳು. "ಕರ್ತನೇ, ನನ್ನ ಚಿತ್ತವಲ್ಲ, ನಿನ್ನ ಚಿತ್ತವೇ ಆಗಲಿ. ಆದ್ರೆ ನಿನ್ನ ಚಿತ್ತ ಸೇಂಟ್ ಲೂಯಿಸ್ ಊರೊಳಗೇ ಇರಲಿ."

ಈ ಪ್ರಾರ್ಥನೆಯಲ್ಲಿ ಏನೋ ಐಬಿದೆ ಎಂದು ಆಕೆಗೇ ಅನ್ನಿಸುತ್ತಿತ್ತು. ಏಕೆಂದರೆ ಆಟವಿಲ್ಲದ ದಿನಗಳಲ್ಲೂ ಲವೆಲ್ ಹಿಂಬಾಗಿಲಿನಿಂದ ಊಟಕ್ಕೆ ಬರುತ್ತಿದ್ದ. ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು. ಮೊದಲೆಲ್ಲ ಮೂರು ನೆಗೆತಕ್ಕೆ ಇಳಿಯುತ್ತಿದ್ದವನು ಈಗ ಗೋಡೆಗೆ ಕೈ ಕೊಟ್ಟು, ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದ. ತಟ್ಟೆಯ ಮುಂದೆ ಕುಳಿತು ಒಂದು ದಿನ ಹೇಳಿದ್ದ: "ಸಿಯಾಟಲ್‌ನವರು ಕರೀತಿದಾರೆ, ಮಿಸ್ ಡೀಲಿಯಾ. ಒಂದು ಆಟಕ್ಕೆ ಹದಿನೈದೇ ನಿಮಿಷ ಆಡು, ಉಳಿದ ಹೊತ್ತು ಬೆಂಚಲ್ಲಿ ಕೂತು ಹುಡುಗರಿಗೆ ಹೇಳಿಕೊಡು ಅಂತಾರೆ."

"ಬ್ರೆಂಟ್ ಏನಂತಾನೆ?"

"ಮೂವತ್ನಾಲ್ಕು ನಿಮಿಷ. ಜನ ನಿನ್ನನ್ನ ನೋಡೋಕೇ ಬರ್ತಾರೆ ಅಂತಾನೆ."

ಡೀಲಿಯಾ ಅವನ ತಟ್ಟೆಗೆ ಇನ್ನೊಂದು ತುಂಡು ಹಂದಿಮಾಂಸ ಹಾಕಿದಳು.

ಮೂವತ್ತನೇ ತಾರೀಕು ಐದಕ್ಕೆ ಸರಿಯಾಗಿ ಲವೆಲ್‌ನ ಮನೆಯ ಗಂಟೆ ಒತ್ತಿದರು. ಮುಂದೆ ಬ್ರೆಂಟ್, ಅವನ ಹಿಂದೆ ದೊಡ್ಡ ಟಿವಿ ಹೊತ್ತ ಇಬ್ಬರು, ಎಲ್ಲರ ಹಿಂದೆ ಬಿಸಿ ಪಾತ್ರೆಯನ್ನು ಟವೆಲ್‌ನಲ್ಲಿ ಹಿಡಿದ ಡೀಲಿಯಾ. ಭಾನುವಾರದ ಹ್ಯಾಟನ್ನೇ ಹಾಕಿಕೊಂಡಿದ್ದಳು. ಲವೆಲ್ ಸೋಫಾದಲ್ಲಿ ಎರಡೂ ಮಂಡಿಗೆ ಐಸ್ ಚೀಲ ಸುತ್ತಿಕೊಂಡು ಕುಳಿತಿದ್ದ. ಎದ್ದು ನಿಲ್ಲಲು ಹೋದವನನ್ನು ಆಕೆಯೇ ತಡೆದಳು. "ಕೂತ್ಕೋ ಮಗಾ. ನಾನೇನು ಗವರ್ನರ್ ಅಲ್ಲ."

ಬ್ರೆಂಟ್ ಪರದೆ ಹಚ್ಚಿದ. ಅವನ ಕಡೆಯವರು ಎರಡು ತಿಂಗಳು ಕುಳಿತು ಮಾಡಿದ ಒಂಬತ್ತು ನಿಮಿಷದ ಚಿತ್ರ. ಹಿಂದಿನಿಂದ ಚರ್ಚಿನ ವಾದ್ಯ, ಮುಂದೆ ಲವೆಲ್ ಹಾರಾಟ. ಇಪ್ಪತ್ತೆರಡರ ಲವೆಲ್ ಇಬ್ಬರ ತಲೆ ಮೇಲಿಂದ ಹಾರುತ್ತಿದ್ದ. ಇಪ್ಪತ್ತೈದರ ಲವೆಲ್ ತಿರುಗುತ್ತ ಹಾರುತ್ತಿದ್ದ. ಒಂದು ಹಾರಾಟವನ್ನಂತೂ ನಾಲ್ಕು ಕಡೆಯಿಂದ, ನಿಧಾನವಾಗಿ, ಎಷ್ಟು ಹೊತ್ತು ತೋರಿಸಿದರೆಂದರೆ ಆ ಮನುಷ್ಯ ಕೆಳಗೆ ಬರುವಷ್ಟರಲ್ಲಿ ಒಂದು ಕೀರ್ತನೆ ಹಾಡಿ ಮುಗಿಸಬಹುದಿತ್ತು. ಹಾರಲಾರದ ಮನುಷ್ಯನನ್ನು ಉಳಿಸಿಕೊಳ್ಳಲು ಅವನು ಹಾರುತ್ತಿದ್ದುದನ್ನೇ ತೋರಿಸಬೇಕೆಂದು ಹೊಳೆಯಲು ತುಂಬ ಓದಿರಬೇಕು.

ಲವೆಲ್ ಕಣ್ಣು ತೆಗೆಯದೆ ನೋಡುತ್ತಿದ್ದ. ಬ್ರೆಂಟ್ ಟಿವಿ ಹೊತ್ತು ತಂದವರ ಕಡೆ ತಿರುಗಿ, ಆಯಿತು, ಕರಗಿದ ಎನ್ನುವ ಹಾಗೆ ಕಣ್ಣು ಮಿಟುಕಿಸಿದ. ಡೀಲಿಯಾ ಪರದೆ ನೋಡುತ್ತಿರಲಿಲ್ಲ, ಲವೆಲ್‌ನ ಕೈ ನೋಡುತ್ತಿದ್ದಳು. ಪರದೆಯ ಹುಡುಗ ನೆಲಕ್ಕೆ ಬಿದ್ದಾಗಲೆಲ್ಲ ಸೋಫಾದ ಮೇಲಿನವನ ಕೈ ಮಂಡಿಯನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು.

ಚಿತ್ರ ಮುಗಿಯಿತು. ಬ್ರೆಂಟ್ ಕುಟುಂಬ, ಊರು, ಪ್ರೀತಿ, ನಿಷ್ಠೆ ಎಂದು ಮಾತನಾಡಿ, "ನಿನಗೋಸ್ಕರ ಮಿಸ್ ಡೀಲಿಯಾನೇ ಬಂದಿದಾರೆ ನೋಡು," ಎಂದು ಮುಗಿಸಿದ.

ಲವೆಲ್ ಆಕೆಯ ಕಡೆ ತಿರುಗಿದ. "ಇವರು ಹೇಳಿದ್ದಾಯ್ತು. ನೀವು ಹೇಳಿ, ಮಿಸ್ ಡೀಲಿಯಾ. ಇರಲಾ, ಹೋಗಲಾ?"

ಇರು ಎನ್ನಲು ಬಾಯಿ ತೆರೆದಳು. ಎರಡಕ್ಷರ, ಅಷ್ಟೇ. ಮನೆಯಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡೇ ಬಂದಿದ್ದಳು. ನಾಲಗೆ ಮಾತ್ರ ಒಪ್ಪಲಿಲ್ಲ.

"ಮಗಾ, ನೀನು ನನ್ನ ಮೆಟ್ಟಿಲು ಇಳಿಯೋದನ್ನ ಮೂರು ವರ್ಷದಿಂದ ನೋಡ್ತಿದೀನಿ," ಎಂದಳು. "ಈ ಬ್ರೆಂಟ್ ಒಂದೇ ಸಲ ಅಲ್ಲಿಗೆ ಬಂದಿದ್ದು. ಇವರು ನಿನ್ನನ್ನ ಮೂವತ್ನಾಲ್ಕು ನಿಮಿಷ ಓಡಿಸ್ತಾರೆ. ಯಾಕಂದ್ರೆ ಟಿಕೆಟ್ ಮೇಲೆ ನಿನ್ನ ಮುಖ ಅಚ್ಚು ಹಾಕಿಸಿ ಆಗಿದೆ. ಫೆಬ್ರವರಿ ಹೊತ್ತಿಗೆ ನಿನ್ನನ್ನ ಎತ್ಕೊಂಡು ಬಂದು ಊಟಕ್ಕೆ ಕೂರಿಸ್ಬೇಕಾಗುತ್ತೆ. ನಾನು ಅಷ್ಟು ಭಾರ ಎತ್ತೋಳಲ್ಲ. ಹೋಗು. ಕೂತ್ಕೋ ಅಂತ ಸಂಬಳ ಕೊಡೋರು ಸಿಕ್ಕಿದ್ರೆ ಕೂತ್ಕೋಬೇಕಪ್ಪ."

"ಮಿಸ್ ಡೀಲಿಯಾ!" ಬ್ರೆಂಟ್ ಅರ್ಧ ಎದ್ದ.

"ನೀನು ಕೇಳ್ಲಿಲ್ಲ, ಅವನು ಕೇಳ್ದ."

ಟಿವಿ ಹೊತ್ತು ತಂದವರಲ್ಲಿ ಒಬ್ಬ ಬಂದ ನಗುವನ್ನು ಕೆಮ್ಮಾಗಿ ಮಾಡಿಕೊಂಡ. ಲವೆಲ್ ಮಂಡಿಯ ಐಸ್ ಚೀಲ ಬಿಚ್ಚಿ ಪಕ್ಕಕ್ಕಿಟ್ಟ. ಆಮೇಲೆ ಕೇಳಿದ: "ನಿಮ್ಮ ಅಡುಗೆಮನೆ?"

ಅದು ಅವನಿಗೆ ಹೇಗೆ ಗೊತ್ತಾಯಿತೋ. ಡೀಲಿಯಾ ಪಾತ್ರೆಯ ಮುಚ್ಚಳ ತೆಗೆದು ಚಮಚ ಕೊಟ್ಟಳು. "ಅದು ನನ್ನ ಯೋಚನೆ. ತಿನ್ನು, ಆರಿಹೋಗುತ್ತೆ."

ವಾಪಸು ಬರುವಾಗ ಬ್ರೆಂಟ್ ಕಾರನ್ನು ಅರ್ಧ ದಾರಿ ಜೋರಾಗಿ ಓಡಿಸಿದ. ಆಮೇಲೆ, "ನಿಮ್ಮ ಕೆಲಸಕ್ಕೆ ನೀವೇ ಕಲ್ಲು ಹಾಕ್ಕೊಂಡ್ರಿ, ಗೊತ್ತಾಯ್ತಾ?" ಎಂದ.

"ಗೊತ್ತು ಕಣಪ್ಪ. ಮೇ ತಿಂಗಳಲ್ಲಿ ನನಗೂ ಅರವತ್ತೇಳಾಯ್ತು. ನನ್ನ ಮನೆ ಮುಂದೆ ಯಾರೂ ಟಿವಿ ಹೊತ್ಕೊಂಡು ಬಂದು ನಿಲ್ಲಲಿಲ್ಲ."

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ಅತ್ತಳು, ಹ್ಯಾಟು ತೆಗೆಯದೆಯೇ.

ಲವೆಲ್ ಸಿಯಾಟಲ್‌ಗೆ ಒಪ್ಪಿದ ಸುದ್ದಿ ಮರುದಿನ ಬಂತು. ಅಡುಗೆಯಾಕೆ ಕಳಿಸಿದಳಂತೆ ಎನ್ನುವ ಸುದ್ದಿ ಅದರ ಹಿಂದೆಯೇ ಬಂತು. ಸುದ್ದಿ ಕಾಬ್ಲರ್‌ಗಿಂತ ಬಿಸಿಯಾಗಿತ್ತು. ಪಕ್ಕದ ಬೀದಿಯ ಹುಡುಗರು ಲವೆಲ್ ಹೆಸರಿನ ಅಂಗಿ ಸುಟ್ಟರು. ಭಾನುವಾರ ಮೌಂಟ್ ಹೋರೇಬ್ ಚರ್ಚಿನಲ್ಲಿ ಡೀಲಿಯಾ ಕುಳಿತ ಬೆಂಚು ಆಕೆಯನ್ನು ಬಿಟ್ಟರೆ ಪೂರ್ತಿ ಖಾಲಿ. ಇಪ್ಪತ್ತು ವರ್ಷದಿಂದ ತಂಡದ ಆಟಕ್ಕೆ ಮುಂದಿನ ಸಾಲಿನ ಟಿಕೆಟ್ ಇಟ್ಟುಕೊಂಡಿದ್ದ ಪಾಸ್ಟರ್ ವಿಗಿನ್ಸ್ ಅಂದು ಯೇಸುವನ್ನು ಹಿಡಿದುಕೊಟ್ಟ ಇಸ್ಕರಿಯೋತ ಯೂದನ ಮೇಲೆ ಪ್ರಸಂಗ ಮಾಡಿದರು. ಯೂದ ಎಂದಾಗಲೆಲ್ಲ ಅವರ ಕಣ್ಣು ಆ ಖಾಲಿ ಬೆಂಚಿನ ಕಡೆಗೇ ಬರುತ್ತಿತ್ತು. ಡೀಲಿಯಾ ಪ್ರತಿ ಸಲವೂ ಎಲ್ಲರಿಗಿಂತ ಜೋರಾಗಿ "ಆಮೆನ್" ಎಂದಳು.

ಗೆಳತಿ ಹಾರ್ಟೆನ್ಸ್ ಒಬ್ಬಳು ಆರಾಧನೆ ಮುಗಿದ ಮೇಲೆ ಹತ್ತಿರ ಬಂದಳು. "ಕೆಲಸಾನೂ ಹೋಯ್ತು, ಲವೆಲ್‌ನೂ ಹೋದ. ಏನು ಗಿಟ್ಟಿತೇ ನಿಂಗೆ?"

"ನಿದ್ದೆ ಬರ್ತಿದೆ," ಎಂದಳು ಡೀಲಿಯಾ. ಅದು ನಿಜವಾಗಿತ್ತು. ಹಗಲು ಮಾತ್ರ ಕಳೆಯುತ್ತಿರಲಿಲ್ಲ. ಜುಲೈ ತಿಂಗಳಲ್ಲಿ ಮನೆಯ ಕಪಾಟುಗಳನ್ನು ನಾಲ್ಕು ಸಲ ತೊಳೆದಳು. ಆಗಸ್ಟಿನಲ್ಲಿ ಕ್ರೀಡಾಂಗಣದ ಬೀಗದ ಕೈ ಕೊಟ್ಟು ಬಂದಳು. ಲವೆಲ್ ಫೋನ್ ಮಾಡಿ, ತನ್ನ ಜೊತೆ ಸಿಯಾಟಲ್‌ಗೇ ಬಂದುಬಿಡಿ ಎಂದು ಕರೆದ. "ಅದು ದಿನಾ ಮಳೆ ಬರೋ ಊರು, ನನ್ನ ಕೂದಲಿಗೆ ಒಗ್ಗಲ್ಲ," ಎಂದು ಬಿಟ್ಟಳು.

ಸೆಪ್ಟೆಂಬರಿನ ಒಂದು ಮಂಗಳವಾರ ಪಾಸ್ಟರ್ ವಿಗಿನ್ಸ್ ಟೈ ಕಟ್ಟಿಕೊಂಡು, ಹೂಗುಚ್ಛ ಹಿಡಿದು ಬಾಗಿಲಿಗೆ ಬಂದರು.

"ಸಿಸ್ಟರ್ ಟಾಲಿವರ್, ನಮ್ಮ ಚರ್ಚಿನ ಅಡುಗೆಮನೆ ನಿಮ್ಮ ಕೈಗೆ ಒಪ್ಪಿಸೋಣ ಅಂತ. ಬುಧವಾರ ಬಡವರ ಊಟ, ಆಮೇಲೆ ಶವಸಂಸ್ಕಾರದ ಊಟಗಳು. ಸೇವೆ ಅಂದ್ಕೊಂಡು ಮಾಡಿ. ಸ್ವರ್ಗದಲ್ಲಿ ಪ್ರತಿಫಲ ಉಂಟು."

"ಯೂದನಿಗೂ ಉಂಟಾ, ಪಾಸ್ಟರ್?"

ಪಾಸ್ಟರ್ ಹೂವಿನ ಕಡೆ ನೋಡಿದರು. "ಅದು ವಾಕ್ಯ ಹಾಗೆ ಬಂತು, ಅಷ್ಟೇ."

"ಬರ್ಲಿ. ಕೂತ್ಕೊಳ್ಳಿ, ಹೇಳ್ತೀನಿ. ವಾರಕ್ಕೆ ಎರಡೇ ದಿನ. ಒಲೆ ಹತ್ರ ಒಂದು ಎತ್ತರದ ಸ್ಟೂಲ್. ದಿನಕ್ಕೆ ನಾಲ್ಕು ಗಂಟೆ ಮೇಲೆ ನಿಲ್ಲಲ್ಲ. ಈರುಳ್ಳಿ ಹೆಚ್ಚೋಕೆ ಇಬ್ಬರು ಬೇಕು. ಸಂಬಳ ಈ ಲೋಕದಲ್ಲೇ ಬೇಕು, ಆ ಲೋಕದ್ದು ಬೇರೆ ಲೆಕ್ಕ. ಯೋಚನೆ ಮಾಡಿ ಹೇಳಿ. ಬೇಗ ಹೇಳಿ, ನಾಲ್ಕು ಗಂಟೆಗೆ ನಿಮ್ಮ ಚರ್ಚಿನ ಎದುರುಗಡೆ ಬೆಥೆಲ್ ಚರ್ಚಿನವರು ಬರ್ತಿದಾರೆ."

ಬೆಥೆಲಿನವರು ಮೂವರು ಆಗಲೇ ಗೇಟಿನ ಬಳಿ ಕಾರಿನಲ್ಲಿ ಕುಳಿತಿದ್ದರು. ಹೊರಟ ಪಾಸ್ಟರ್ ಅವರನ್ನು ಕಾಣಲಿಲ್ಲ, ಅವರೂ ಪಾಸ್ಟರನ್ನು ಕಾಣಲಿಲ್ಲ. ಮೌಂಟ್ ಹೋರೇಬಿನ ಸಮಿತಿ ಸ್ಟೂಲಿನ ಬಗ್ಗೆ ಚರ್ಚಿಸಲು ಮೂರು ವಾರ ತೆಗೆದುಕೊಂಡಿತು. ಬೆಥೆಲಿನವರು ಅಂದೇ ಸಂಜೆ ಸ್ಟೂಲನ್ನು ತಂದು ಮನೆಯೊಳಗೆ ಇಟ್ಟು, ಕೂತು ನೋಡಿ, ಎತ್ತರ ಸರಿಯಿದೆಯಾ ಎಂದು ಕೇಳಿದರು.

ಆರಾಧನೆ ಒಂದು ಚರ್ಚಿನಲ್ಲಿ, ಅಡುಗೆ ಎದುರು ಚರ್ಚಿನಲ್ಲಿ. ಊರಿಗೆ ಲವೆಲ್‌ನನ್ನು ಮರೆಯಲು ಇಷ್ಟು ಸಾಕಾಯಿತು. ಒಂದು ತಿಂಗಳು ಬರೀ ಇದೇ ಮಾತು. ಡೀಲಿಯಾ ಭಾನುವಾರ ತನ್ನ ಹಳೇ ಬೆಂಚಿನಲ್ಲಿ ಕೂರುತ್ತಾಳೆ, ಈಗ ಬೆಂಚು ಭರ್ತಿ. ಬುಧವಾರ ಬೆಥೆಲಿನಲ್ಲಿ ಸ್ಟೂಲಿನ ಮೇಲೆ ಕುಳಿತು ನೂರಾಹದಿನೈದು ಜನಕ್ಕೆ ಬೇಯಿಸುತ್ತಾಳೆ. ಮೊದಲ ಬುಧವಾರವೇ ಪಾಸ್ಟರ್ ವಿಗಿನ್ಸ್ ರಸ್ತೆ ದಾಟಿ ಬಂದು, ಹ್ಯಾಟನ್ನು ಮುಖದ ಮೇಲೆ ಎಳೆದುಕೊಂಡು ಸಾಲಿನಲ್ಲಿ ನಿಂತರು. ಆಕೆ ಅವರ ತಟ್ಟೆಗೆ ಎರಡು ಸೌಟು ಹೆಚ್ಚೇ ಹಾಕಿ, ಮುಂದಿನವರು ಬನ್ನಿ ಎಂದಳು.