ನಾಲ್ಕರ ಬಾಯಿ ಮುಚ್ಚಿದ್ದು

ನಾನು ಎಂ.ಎ.ಗೆ ಸೇರಬಹುದಾಗಿದ್ದ ಮೂರು ವಿಶ್ವವಿದ್ಯಾಲಯಗಳನ್ನು ನಮ್ಮ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬೆಂಗಳೂರಿನದು ‘ಹತ್ತಿರದ್ದು’. ಬೆಂಗಳೂರು ದಾಟಿ ಇನ್ನೊಂದು ಬಸ್ಸು ಹಿಡಿಯಬೇಕಾದದ್ದು ‘ದೂರದ್ದು’. ಉತ್ತರ ದೇಶದ್ದು ‘ಬಲು ದೂರದ್ದು’. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಮುಳಬಾಗಿಲಿನಿಂದ ದಿನಾ ಕೋಲಾರಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು ಕೊನೆಯ ವರ್ಷದ ಬಿ.ಎ. ಓದುತ್ತಿದ್ದೆ. ಮುಂದೆ ಓದಿದರೆ ಅಭಿವೃದ್ಧಿ ಅರ್ಥಶಾಸ್ತ್ರವನ್ನೇ ಓದಬೇಕೆಂಬ ಹುಚ್ಚು ಹಿಡಿದಿತ್ತು.

ಹುಚ್ಚು ಹಿಡಿಸಿದವರು ಮಾಲೂರಿನ ಕಡೆಯ ನಮ್ಮ ಮೇಷ್ಟ್ರು. ದೇವರಾಯಸಮುದ್ರದಲ್ಲಿ ಅಷ್ಟು ದೊಡ್ಡ ಕೆರೆ ಇದೆಯಲ್ಲ, ಆ ನೀರು ಯಾರ ಗದ್ದೆಗೆ ಮೊದಲು ಹೋಗುತ್ತದೆ, ಯಾರ ಗದ್ದೆಗೆ ಹೋಗುವುದೇ ಇಲ್ಲ, ಯಾಕೆ ಎಂದು ಒಂದು ದಿನ ಕ್ಲಾಸಿನಲ್ಲಿ ಕೇಳಿದರು. ಅದನ್ನು ಓದುವ ಶಾಸ್ತ್ರವೇ ಇದೆ ಎಂದರು. ನಮ್ಮ ಬೀದಿಯವರಿಗೆ ಮಾತ್ರ ಅಭಿವೃದ್ಧಿ ಎಂದರೆ ತಾಲ್ಲೂಕಿನ ಅಭಿವೃದ್ಧಿ ಅಧಿಕಾರಿ, ಬಿ.ಡಿ.ಓ. ಸಾಹೇಬರ ಆಫೀಸು. “ಓದಿ ಬಿ.ಡಿ.ಓ. ಆಗ್ತೀಯೇನಮ್ಮಾ? ನಮ್ಮನ್ನೂ ಜೀಪಲ್ಲಿ ಕೂರಿಸ್ತೀಯಾ?” ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಮ್ಮನ ಲೆಕ್ಕಾಚಾರ ಬೇರೆ ಇತ್ತು. ಅವಳ ಕೊನೆಯ ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ, ಅಜ್ಜಿಯೂ ಅವನ ಜೊತೆಗೇ ಇದ್ದಳು. ಹತ್ತಿರದ್ದಕ್ಕೆ ಸೇರಿದರೆ ನಾನು ಇರಬೇಕಾದದ್ದು ಆ ಮನೆಯಲ್ಲಿ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಎರಡು ವರ್ಷ ಅವನ ಮನೆಯಲ್ಲಿ ಉಂಡು, ಆಮೇಲೆ ಒಲ್ಲೆ ಅನ್ನಲು ನನಗೆ ಮುಖವಿರುತ್ತಿರಲಿಲ್ಲ. ಅವನು ಕೆಟ್ಟವನಲ್ಲ. ನನಗೆ ಬೇಡವಾಗಿತ್ತು, ಅಷ್ಟೇ.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಶಾನುಭೋಗರ ಮಗ. ಯಾವುದನ್ನೂ ಕಾಗದದಲ್ಲಿ ಕಂಡಲ್ಲದೆ ನಂಬುವವರಲ್ಲ. ಉತ್ತರ ಬರೆಯಲು ಖಾಲಿ ಕಾರ್ಡು ಅಂಟಿಕೊಂಡಿರುವ ಜವಾಬಿ ಕಾರ್ಡನ್ನು ಮೂರೂ ಕಡೆಗೆ ಬರೆದರು. ಕೇಳಿದ್ದು ಎರಡೇ ಪ್ರಶ್ನೆ: ಅಭಿವೃದ್ಧಿ ಅರ್ಥಶಾಸ್ತ್ರಕ್ಕೆ ಈ ವರ್ಷ ಎಷ್ಟು ಜನ ಸೇರಿದ್ದಾರೆ, ಅವರಲ್ಲಿ ಹೆಣ್ಣುಮಕ್ಕಳೆಷ್ಟು. ಅಮ್ಮ ಅಡುಗೆಮನೆಯಿಂದಲೇ ಷರತ್ತು ಹಾಕಿದಳು. “ಆರು ಜನ ಹೆಣ್ಮಕ್ಕಳಾದ್ರೂ ಇರೋ ಕಡೆ ಆದ್ರೆ ಕಳ್ಸಿ. ಇಲ್ಲಾಂದ್ರೆ ನನ್ ತಮ್ಮನ ಮನೇಲಿದ್ಕೊಂಡು ಓದ್ಲಿ.” ಅಪ್ಪ ಆಗಲಿ ಎಂದರು. ಅವರು ಆಗಲಿ ಎಂದರೆ ಮುಗಿಯಿತು.

ಹತ್ತಿರದ್ದರಿಂದ ಟೈಪು ಮಾಡಿದ ಉತ್ತರ ಬಂತು. ಹುಡುಗರು ಕಿಕ್ಕಿರಿದಿದ್ದರು, ಹೆಣ್ಣುಮಕ್ಕಳೂ ಬೇಕಾದಷ್ಟು. ಆದರೆ ಅಲ್ಲಿ ಅಭಿವೃದ್ಧಿ ಎಂಬುದು ಒಂದೇ ಒಂದು ಪೇಪರು, ಅದೂ ಕೊನೆಗೆ. ಬಲು ದೂರದ್ದರ ಉತ್ತರ ಓದಿ ಮುಗಿಸುವುದರೊಳಗೆ ಅಮ್ಮ, “ಅಲ್ಲಿ ಬರೀ ರೊಟ್ಟೀನಂತೆ, ಬೇಡ” ಎಂದು ಆ ಮಾತನ್ನೇ ಮುಗಿಸಿಬಿಟ್ಟಳು. ಮೇಷ್ಟ್ರು ಹೇಳಿದ್ದ ಪ್ರಕಾರ ದೂರದ್ದರಲ್ಲಿ ಅಭಿವೃದ್ಧಿಯನ್ನೇ ಪೂರಾ ಒಂದು ವರ್ಷ ಓದಿಸುತ್ತಿದ್ದರು, ಹಳ್ಳಿಗಳಿಗೆ ಕರೆದೊಯ್ಯುತ್ತಿದ್ದರು. ಅದರ ಉತ್ತರ ಮಾತ್ರ ಬಂದಿರಲಿಲ್ಲ. ಅರ್ಜಿ ಹಾಕಲು ಒಂದು ವಾರ ಉಳಿದಿತ್ತು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಸಾಕು, ಬೀದಿ ಬಾಗಿಲಿಗೆ ಓಡುತ್ತಿದ್ದೆ.

ಕಾರ್ಡು ಬಂದಾಗ ಅಪ್ಪ ಕಚೇರಿಯಲ್ಲಿದ್ದರು, ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನೀಲಿ ಶಾಯಿಯಲ್ಲಿ ಯಾರೋ ಗುಮಾಸ್ತರ ದುಂಡು ಅಕ್ಷರ. ಒಟ್ಟು ೨೪. ವಿದ್ಯಾರ್ಥಿನಿಯರು ೪.

ನಾಲ್ಕು! ಬರೀ ಎರಡು ಕಡಿಮೆ ಬಿದ್ದು ತಪ್ಪಿಹೋಯಿತು. ಕೋಪ ಯಾರ ಮೇಲೆ ಎಂದೇ ತಿಳಿಯಲಿಲ್ಲ. ಆ ಊರಿನ ಹೆಣ್ಣುಮಕ್ಕಳ ಮೇಲೆ ಬಂತು. ಇನ್ನಿಬ್ಬರಿಗೆ ಸೇರಲು ಏನಾಗಿತ್ತು ಧಾಡಿ! ಕಾರ್ಡನ್ನು ನೋಡಿದೆ, ನೋಡಿದೆ. ಆ ನಾಲ್ಕು ಮೇಲೆ ಬಾಯಿ ತೆರೆದುಕೊಂಡು ನಿಂತಿತ್ತು. ಆ ಬಾಯಿ ಮುಚ್ಚಿದರೆ ಎಂಟು. ನನ್ನ ಪೆನ್ನಿನಲ್ಲೂ ನೀಲಿ ಶಾಯಿಯೇ. ಆ ಬಾಯಿಯ ಎರಡು ತುದಿ ಸೇರುವಂತೆ ಒಂದು ಗೀಟು ಎಳೆದೆ. ಊದಿ ಒಣಗಿಸಿ ಅಪ್ಪನ ಮೇಜಿನ ಮೇಲಿಟ್ಟೆ.

ನಮ್ಮ ತಾತ ಶಾನುಭೋಗಿಕೆ ಮಾಡಿದಷ್ಟು ಕಾಲವೂ ಬರೆದ ಅಂಕಿಯನ್ನು ತಿದ್ದಿದವರಲ್ಲ. ತಪ್ಪಾದರೆ ಅಡ್ಡಗೀಟು ಹಾಕಿ ಪಕ್ಕದಲ್ಲಿ ಬರೆದು ರುಜು ಮಾಡುತ್ತಿದ್ದರಂತೆ. ಇದನ್ನು ಅಪ್ಪನ ಬಾಯಲ್ಲಿ ನೂರು ಸಲ ಕೇಳಿದ್ದೆ. ಆದರೂ ಎಳೆದೆ.

ಸಂಜೆ ಅಪ್ಪ ಬಂದು ಕಾಲು ತೊಳೆದು ಕನ್ನಡಕ ಹಾಕಿಕೊಂಡು ಕೂತರು. ನಾನು ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದೆ. ಕಲ್ಲು ಯಾವುದು ಅಕ್ಕಿ ಯಾವುದು ಒಂದೂ ಕಾಣುತ್ತಿರಲಿಲ್ಲ. “ಒಟ್ಟು ಇಪ್ಪತ್ನಾಲ್ಕು” ಎಂದು ಗಟ್ಟಿಯಾಗಿ ಓದಿದರು. ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದರು. ಆಗ ಹೊಳೆಯಿತು ನನಗೆ, ನನ್ನ ದಡ್ಡತನ. ಗುಮಾಸ್ತರು ಬರೆದದ್ದು ಕನ್ನಡದ ಅಂಕಿ. ಕನ್ನಡದ ಎಂಟು ೮. ಅದಕ್ಕೂ ನಾನು ಮಾಡಿದ್ದಕ್ಕೂ ಸಂಬಂಧವೇ ಇಲ್ಲ. ನಾನು ಮಾಡಿದ್ದು ಇಂಗ್ಲಿಷಿನ 8. ಅದರ ಮೇಲಿನ ಸಾಲಿನಲ್ಲೇ ಇಪ್ಪತ್ತನಾಲ್ಕರ ನಾಲ್ಕು ಬಾಯಿ ತೆರೆದುಕೊಂಡು ಸಾಕ್ಷಿ ಹೇಳುತ್ತಿತ್ತು. ಶಾನುಭೋಗರ ಮೊಮ್ಮಗಳು ನಾನು!

ಅಮ್ಮನಿಗೆ ತೆಲುಗು ಬಿಟ್ಟರೆ ಬೇರೆ ಓದು ಬರುತ್ತಿರಲಿಲ್ಲ. ಆತಂಕವಾದರೆ ಮಾತೂ ತೆಲುಗಿಗೆ ತಿರುಗುತ್ತಿತ್ತು. ಒಳಗಿನಿಂದ ಕೇಳಿದಳು, “ಎಂತಮಂದಿ? ಎಷ್ಟು ಜನ ಅಂತೆ ಹೆಣ್ಮಕ್ಳು?”

ಅಪ್ಪ ನನ್ನ ಕಡೆ ನೋಡಲಿಲ್ಲ. ಕಾರ್ಡನ್ನೇ ನೋಡುತ್ತಿದ್ದರು.

“ಎಂಟು” ಎಂದರು ಅಪ್ಪ.

ಅಮ್ಮ ಏನೋ ಗೊಣಗಿಕೊಂಡು ಒಲೆಯ ಕಡೆ ತಿರುಗಿದಳು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಹೆದರಿಕೆಯಾಯಿತು. ಅವರಿಗೆ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದಾರೋ? ಆಮೇಲೆ ಅರ್ಜಿಯನ್ನು ಅವರೇ ತುಂಬಿದರು, ಒಂದು ಅಕ್ಷರವನ್ನೂ ನನ್ನ ಕೈಯಲ್ಲಿ ಬರೆಸಲಿಲ್ಲ. ಸೀಟು ಸಿಕ್ಕಿದೆ ಎಂಬ ಕಾಗದ ಬಂದಾಗಲೂ ಅದನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದರು. ಅವರು ಬೈದಿದ್ದರೆ ವಾಸಿಯಿತ್ತು.

ಸೇರಿಸಲು ಅವರೇ ಕರೆದುಕೊಂಡು ಹೋದರು. ಅಲ್ಲಿಯ ಗುಮಾಸ್ತರು ಒಳ್ಳೆಯವರು, ಮಾತಿನ ಮನುಷ್ಯ. ರಿಜಿಸ್ಟರು ತೆಗೆದು, “ಹೋದ ವರ್ಷ ನಾಲ್ಕೇ ಜನ ಹುಡುಗೀರು ಸಾರ್. ಈ ವರ್ಷ ಇದುವರೆಗೂ ನಿಮ್ಮ ಮಗಳೊಬ್ಬರೇ” ಎಂದರು. ಈಗ ಎದ್ದು, ನಡಿ ಮನೆಗೆ ಅನ್ನುತ್ತಾರೆ ಎಂದುಕೊಂಡೆ. ಅಪ್ಪ, “ರುಜು ಎಲ್ಲಿ ಹಾಕ್ಬೇಕು ಸ್ವಾಮಿ?” ಎಂದು ಕೇಳಿದರು.

ಹಾಸ್ಟೆಲಿನಲ್ಲಿ ನನ್ನ ಟ್ರಂಕು ಇಳಿಸಿ ಅವರು ವಾಪಸು ಹೊರಟರು. ಬಸ್ ನಿಲ್ದಾಣದವರೆಗೆ ನಾನೂ ಹೋದೆ. ಅಲ್ಲಿ ತಡೆಯಲಾರದೆ, “ಅಪ್ಪಾ, ಆ ಕಾರ್ಡು...” ಎಂದೆ.

“ಗೊತ್ತು” ಎಂದರು. “ನೋಡಿದ ಕೂಡ್ಲೇ ಗೊತ್ತಾಯ್ತು.”

“ಮತ್ತೆ ಅಮ್ಮಂಗೆ ಎಂಟು ಅಂತ...”

“ಹೇಳ್ದೆ. ನನ್ ಜನ್ಮದಲ್ಲಿ ಒಂದು ಅಂಕಿ ಸುಳ್ಳು ಹೇಳಿರ್ಲಿಲ್ಲ, ಅವತ್ತು ಹೇಳ್ದೆ.” ಬಸ್ಸು ಬಂದು ನಿಂತಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು. ಅವರ ಕಣ್ಣಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಇಷ್ಟು ವರ್ಷ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

“ನಾಲ್ಕೇ ಇದ್ರೂ ನಿಮ್ಮಮ್ಮನ ಹತ್ರ ಜಗಳ ಆಡಿ ಕಳಿಸ್ತಿದ್ದೆ ಕಣೇ” ಎಂದರು. “ನೀನೇ ಬಂದು ನನ್ನನ್ನ ಒಂದು ಮಾತು ಕೇಳ್ಲಿಲ್ಲ.”