ಸದ್ದು ಮಾಡುವ ಪೆಟ್ಟಿಗೆ

ಗಾಜಿನ ಸಾಮಾನಿನ ಗೋದಾಮಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಲಾರಿಗೆ ಪೆಟ್ಟಿಗೆ ಏರಿಸುವವರ ಬೆನ್ನ ಹಿಂದೆಯೇ ಓಡುತ್ತ "ಮೆತ್ತಗೆ, ಮೆತ್ತಗೆ" ಎಂದು ಗೋಗರೆಯುತ್ತಿದ್ದುದಕ್ಕೆ ಮೆತ್ತಣ್ಣ ಎಂದೇ ಆಗಿಹೋಯಿತು. ಮೀಸೆ ಚಿಗುರುವಾಗ ಸೇರಿದವನಿಗೆ ಈಗ ಮೀಸೆ ನರೆತಿದೆ. ಅವನು ಕಟ್ಟಿದ ಲೋಟ, ಹೂಜಿ, ದೀಪಗಳು ಕಡಲು ದಾಟಿ ಎಲ್ಲೆಲ್ಲಿಗೋ ಹೋಗಿವೆ. ಅವನು ಮಾತ್ರ ಗೋದಾಮು ಬಿಟ್ಟರೆ ಮನೆ, ಮನೆ ಬಿಟ್ಟರೆ ಗೋದಾಮು.

ಅವನ ಕಸುಬಿನ ಪಾಠ ಎರಡೇ. ಎಲ್ಲಕ್ಕಿಂತ ಬೆಲೆಬಾಳುವುದು ನಟ್ಟನಡುವೆ ಇರಬೇಕು, ಕಟ್ಟಿ ಮುಗಿಸಿದ ಮೇಲೆ ಪೆಟ್ಟಿಗೆ ಮಾತಾಡಬಾರದು. ಮುಚ್ಚಿದ ಪೆಟ್ಟಿಗೆಯನ್ನು ಮೆಲ್ಲನೆ ಅಲುಗಿಸಿ ಕಿವಿ ಹಚ್ಚುತ್ತಾನೆ. ಒಳಗೆ ಕಿಣಿ ಎಂದರೆ ಮುಗಿಯಿತು, ಬಿಚ್ಚಿ ಮೊದಲಿಂದ ಕಟ್ಟಬೇಕು. "ನೀವೂ ಹಾಗೇ ಅಲ್ವಾ, ಎಷ್ಟು ಅಲ್ಲಾಡಿಸಿದ್ರೂ ಸದ್ದೇ ಇಲ್ಲ" ಎಂದು ಹೆಂಡತಿ ಕುಟುಕುವುದುಂಟು. ಅವಳು ಬೀದಿ ಮೂಲೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು.

ಆದರೆ ಈ ಸಲದ ಮೌನ ಅವಳಿಗೆ ನಗುವ ಮಾತಾಗಿರಲಿಲ್ಲ. ಕಡಲಾಚೆಗೆ ಮದುವೆಯಾಗಿ ಹೋದ ಅವಳ ತಂಗಿಯ ಎರಡೂ ಕಿಡ್ನಿ ಸೋತಿದ್ದವು. ಅಕ್ಕನದು ಹೊಂದುತ್ತದೆಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಒಂದನ್ನು ಕೊಟ್ಟು ಬರಲು ಗಂಡ ಹೆಂಡತಿ ಮರುದಿನ ವಿಮಾನ ಹತ್ತಬೇಕು. ಆಸ್ಪತ್ರೆಯಿಂದ ಬಂದ ದಿನವೇ ಅವಳು ಹೇಳಿದ್ದಳು, ನೀವು ಮನಸಾರೆ ಒಪ್ಪದೆ ನಾನು ಹೊಸಿಲು ದಾಟುವವಳಲ್ಲ, ಹೂಂ ಅನ್ನಿ, ಇಲ್ಲವೇ ಬೇಡ ಅನ್ನಿ ಎಂದು. ಅವನು ಎರಡನ್ನೂ ಅನ್ನಲಿಲ್ಲ. ಪಾಸ್‌ಪೋರ್ಟಿಗೆ ಅಲೆದ, ರಜೆ ಕೇಳಿದ, ಪಕ್ಕದ ಮನೆಯಿಂದ ದೊಡ್ಡ ಸೂಟ್‌ಕೇಸು ಇಸಿದುಕೊಂಡು ಬಂದ. ಬಾಯಿ ಮಾತ್ರ ಬಿಡಲಿಲ್ಲ.

ಮಧ್ಯಾಹ್ನ ಊಟದ ಮೇಲೆ ಕಟ್ಟಲು ಕೂತರು. ಅವಳು ಬಟ್ಟೆಯನ್ನೆಲ್ಲ ಗೆರೆ ಮುರಿಯದಂತೆ ಇಸ್ತ್ರಿ ಮಾಡಿ ಮಂಚದ ಮೇಲೆ ಅಡಕಿದ್ದಳು. ಅವನು ಒಂದೊಂದನ್ನೇ ಎತ್ತಿ ಸುರುಳಿ ಸುತ್ತಿ ಸಂದಿಗೆ ತುರುಕತೊಡಗಿದ. ನಿಮ್ಮ ಕೈಗೆ ಸಿಕ್ಕರೆ ಹೊಸ ಅಂಗಿಯೂ ಗಾಜಿನ ಸಂದಿಗೆ ತುರುಕುವ ಒಣಹುಲ್ಲೇ ಎಂದು ಅವಳು ಗೊಣಗಿದಳು. ಅಂಗಿ ಮುದುಡಿದರೆ ನಿನ್ನ ಇಸ್ತ್ರಿಪೆಟ್ಟಿಗೆ ಇದೆ, ಹೂಜಿ ಒಡೆದರೆ ಯಾವ ಪೆಟ್ಟಿಗೆ ಇದೆ ಎಂದು ಅವನೂ ಬಿಡಲಿಲ್ಲ. ಆ ಗಾಜಿನ ಹೂಜಿ ಅವಳ ಅಮ್ಮನದು. ತಂಗಿ ಫೋನಿನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಅವನು ಅದರ ಹೊಟ್ಟೆಗೆ ಕಾಲುಚೀಲ ತುಂಬಿದ, ಕುತ್ತಿಗೆಗೆ ಸ್ವೆಟರಿನ ತೋಳು ಸುತ್ತಿದ, ಶಾಲು ಹೊದಿಸಿದ. ಕೊನೆಗೆ ಸೂಟ್‌ಕೇಸು ಮುಚ್ಚಿ, ಗೋದಾಮಿನ ಹಗ್ಗವನ್ನೂ ಬಿಗಿದು, ಅಲುಗಿಸಿ ಕಿವಿಯಿಟ್ಟ. ಸದ್ದಿಲ್ಲ.

ಪಾಸ್‌ಪೋರ್ಟುಗಳನ್ನು ಕೈಚೀಲಕ್ಕೆ ಹಾಕಿಕೊಳ್ಳೋಣವೆಂದು ಅವಳು ಎದ್ದಳು. ಕಪಾಟಿನಲ್ಲಿ ಇರಲಿಲ್ಲ. ದಿಂಬಿನಡಿ ನೋಡಿದಳು, ಬಟ್ಟೆ ಜಾಲಾಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಅವನು ಹಗ್ಗದ ಗಂಟನ್ನೇ ನೋಡುತ್ತಿದ್ದ.

"ನಡುವೆ ಇದೆ" ಎಂದ. "ಶಾಲಿನ ಒಳಗೆ."

ಅವಳು ಮಂಚದ ಅಂಚಿಗೆ ಕೂತಳು. "ಬೇಡ ಅನ್ನೋದಿದ್ರೆ ಬಾಯಲ್ಲಿ ಹೇಳಬಹುದಿತ್ತಲ್ಲ ರೀ. ಹೀಗೆ ಬಚ್ಚಿಡಬೇಕಿತ್ತಾ?"

ಅವನು ಬಚ್ಚಿಟ್ಟದ್ದಲ್ಲ. ಬೆಲೆಬಾಳುವುದು ಎಂದು ಕೈಗೆ ಕಂಡದ್ದನ್ನು ಕೈಯೇ ಒಯ್ದು ನಡುವೆ ಇಟ್ಟಿತ್ತು. ಅದನ್ನು ಹೇಳಹೋಗಿ ತೊದಲಿದ. ನೆಲದ ಮೇಲೆ ಕೂತು ತಾನೇ ಹಾಕಿದ ಗಂಟನ್ನು ಬಿಚ್ಚುತ್ತ, ಇಷ್ಟು ದಿನ ಒಳಗೆ ಅದುಮಿಟ್ಟದ್ದನ್ನೂ ಬಿಚ್ಚಿದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರದೆಯ ಮೇಲೆ ಅವಳ ಒಡಲಿನ ಚಿತ್ರ ತೋರಿಸಿದ್ದರು. ಇಲ್ಲಿ ನೋಡಿ, ಕಿಡ್ನಿಯ ಸುತ್ತ ಕೊಬ್ಬಿನ ಮೆತ್ತೆ, ಹಿಂದೆ ಪಕ್ಕೆಲುಬಿನ ಬೇಲಿ ಎಂದಿದ್ದರು. ಹುಲ್ಲಿಲ್ಲ, ಮೊಳೆಯಿಲ್ಲ, ಹಗ್ಗವಿಲ್ಲ. ಇವಳು ಬಿದ್ದಿದ್ದಾಳೆ, ಎದ್ದಿದ್ದಾಳೆ, ನಿಂತು ನಿಂತು ಇಸ್ತ್ರಿ ಮಾಡಿದ್ದಾಳೆ. ಒಳಗಿನದು ಇಟ್ಟಲ್ಲೇ ಇದೆ. ಅಂದು ಅವನಿಗೆ ತನ್ನ ಕೈಗಳನ್ನು ನೋಡಿಕೊಳ್ಳಲೂ ನಾಚಿಕೆಯಾಗಿತ್ತು.

"ಹೆದರಿಕೆ ಇಲ್ಲ ಅನ್ನಲ್ಲ ಕಣೇ" ಎಂದ. "ಆದ್ರೆ ಅಷ್ಟು ಚೆನ್ನಾಗಿ ಕಟ್ಟಿರೋದನ್ನ ಬಿಚ್ಚಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಕಟ್ಟಿದವನು ಏನಂದುಕೊಂಡಾನು?"

ಅವಳು ಮಂಚದಿಂದ ಕೆಳಗಿಳಿದು ಅವನ ಪಕ್ಕಕ್ಕೆ ಕೂತಳು.

"ದೀಪದ ಪೆಟ್ಟಿಗೆ ಕಟ್ಟುವಾಗ ಒಂದು ಗಾಜು ಹೆಚ್ಚಿಗೆ ಇಡ್ತೀರಲ್ಲ, ಯಾಕೆ?"

"ದಾರೀಲಿ ಯಾವುದಾದ್ರೂ ಒಡೆದ್ರೆ ಬೇಕಾಗುತ್ತೆ."

"ಯಾವುದು ಒಡೆಯುತ್ತೆ ಅಂತ ಗೊತ್ತಿದ್ದು ಇಡ್ತೀರಾ?"

ಅವನು ತಲೆ ಅಲ್ಲಾಡಿಸಿದ.

"ಒಂದೇ ಸಾಕು ಅಂತ ಡಾಕ್ಟರಮ್ಮನೇ ಹೇಳಿದ್ರು. ಮತ್ತೆ ಆ ಕಟ್ಟಿದವನು ಎರಡು ಯಾಕಿಟ್ಟ?"

ಬಿಚ್ಚುತ್ತಿದ್ದ ಕೈ ಹಾಗೇ ನಿಂತಿತು. ಎಷ್ಟೋ ಸಾವಿರ ದೀಪಗಳಿಗೆ ಅವನು ಆ ಹೆಚ್ಚಿನ ಗಾಜನ್ನು ಇಟ್ಟಿದ್ದ. ಅದು ಯಾರ ಮನೆಯ ಕತ್ತಲೆಗೆ ಹೋಯಿತೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವಳು ಹುಟ್ಟುವಾಗ ತಂಗಿ ಇನ್ನೂ ಹುಟ್ಟಿರಲೇ ಇಲ್ಲ. ಆಗಲೇ ಇಟ್ಟಾಗಿತ್ತು. ಅವನು ಉಳಿದ ಗಂಟನ್ನೂ ಬಿಚ್ಚಿ ಸೂಟ್‌ಕೇಸು ತೆರೆದ.

ಅವಳು ಶಾಲಿನ ಮಡಿಕೆಯಿಂದ ಪಾಸ್‌ಪೋರ್ಟು ತೆಗೆಯಲು ಬಾಗಿದಾಗ, ಅವನು ತಾನು ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ಅವಳ ಬೆನ್ನಿಗೆ ಕಿವಿ ಹಚ್ಚಿದ. ಅವಳು ಅಲುಗಲಿಲ್ಲ. ಒಳಗೆ ಲಬ್ ಡಬ್ ಎಂದು ಒಂದೇ ಸಮನೆ ಸದ್ದಾಗುತ್ತಿತ್ತು. ಮಾತಾಡುವ ಪೆಟ್ಟಿಗೆ, ಆದರೂ ಒಡೆಯದ ಪೆಟ್ಟಿಗೆ. ಅಂಥದ್ದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಪೆಟ್ಟಿಗೆ ಮಾತಾಡಬಾರದೆಂಬ ಪಾಠ ಗೋದಾಮಿನಲ್ಲೇ ಉಳಿಯಿತು.

"ಏನಂತೆ?" ಎಂದಳು.

"ಹೂಂ" ಎಂದ.

ಅವಳು ಪಾಸ್‌ಪೋರ್ಟುಗಳನ್ನು ಕೈಚೀಲಕ್ಕೆ ಹಾಕಿಕೊಂಡಳು. ಅವನು ಹೂಜಿಗೆ ಮತ್ತೆ ಶಾಲು ಹೊದಿಸಿ, ಮುದುಡಿದ ಅಂಗಿಗಳನ್ನು ಒಂದೊಂದಾಗಿ ಅವಳಿಗೆ ಕೊಟ್ಟ. ಇಸ್ತ್ರಿ ಗೆರೆಯ ಮೇಲೇ ಮಡಚಿ ಇಡು ಎಂದ, ಸಂದಿಗೆ ಟವೆಲು ಸಾಕು.